ಹಲಗೆ, ಬಳಪ ಮತ್ತು ಕಣ್ಣಿನ ಕಾಡಿಗೆ: ಕಥನಕಾರನ ತಿದ್ದುವಿಕೆ ಕುರಿತು

ಒಂದೇ ಓಟದಲ್ಲಿ ಬರೆದದ್ದು ಪ್ರತಿಭೆಯ ಫಲ, ತಿದ್ದಿ ತಿದ್ದಿ ಬರೆದದ್ದು ಬರಿಯ ದುಡಿಮೆಯ ಫಲ ಎಂಬ ನಂಬಿಕೆ ಕಥೆ-ಕಾದಂಬರಿ ಬರೆಯತೊಡಗಿದ ವಿದ್ಯಾರ್ಥಿಗಳಲ್ಲಿ ಬಲವಾಗಿದೆ. ಇದಕ್ಕೆ ಅವರು ಹೆಚ್ಚಾಗಿ ಕೊಡುವ ಸಾಕ್ಷಿ ಗದುಗಿನ ಕುಮಾರವ್ಯಾಸನದು.

15ನೆಯ ಶತಮಾನದ ಈ ಮಹಾಕಥನಕಾರ ತನ್ನ ಭಾರತದ ಪೀಠಿಕೆಯಲ್ಲಿ ಕೆಲವು ಅಗ್ಗಳಿಕೆಗಳನ್ನು ಹೇಳಿಕೊಂಡಿದ್ದಾನೆ. ಹಲಗೆ ಬಳಪಗಳನ್ನು ಹಿಡಿಯಲಿಲ್ಲ. ಇಟ್ಟ ಪದವನ್ನು ಅಳಿಸಲಿಲ್ಲ. ಓಲೆಯ ಮೇಲೆ ಕಂಠದ ಸದ್ದು ನಿಲ್ಲಲಿಲ್ಲ. ಈ ಮಾತನ್ನು ಸಂಶೋಧಕನ ಕಣ್ಣಿನಿಂದ ಓದಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಎಲ್ಲರೂ ಮಾಡುವುದನ್ನು ಮಾಡದಿದ್ದಾಗ ಮಾತ್ರ ಅದು ಅಗ್ಗಳಿಕೆಯಾಗುತ್ತದೆ. ಓಲೆಯಲ್ಲಿ ಕೊರೆದ ಅಕ್ಷರವನ್ನು ಒರೆಸಿಹಾಕಲಾಗದು. ಹಲಗೆಯದನ್ನು ಅಂಗೈಯಿಂದಲೇ ಒರೆಸಬಹುದು. ಹಾಗಾಗಿ ಹಲಗೆಯಲ್ಲಿ ಕರಡು ಮಾಡಿ, ತಿದ್ದಿ, ಆಮೇಲೆ ಓಲೆಗೇರಿಸುವುದು ಪರಿಚಿತ ಪದ್ಧತಿಯಾಗಿತ್ತೆಂದು ಊಹಿಸಬಹುದು. ಮೇಲಾಗಿ ಕುಮಾರವ್ಯಾಸ ವೀರನಾರಾಯಣನನ್ನೇ ಕವಿಯೆಂದು ಕರೆದು, ತಾನು ಕೇವಲ ಲಿಪಿಕಾರನೆಂದಿದ್ದಾನೆ. ದೇವರು ನುಡಿದದ್ದನ್ನು ತಿದ್ದುವ ಅಧಿಕಾರ ಲಿಪಿಕಾರನಿಗೆಲ್ಲಿದೆ? ಆದ್ದರಿಂದ ಅದು ಭಕ್ತಿಯ ನಿಲುವು. ಬರಹಗಾರರೆಲ್ಲರಿಗೂ ವಿಧಿಸಿದ ನಿಯಮವಲ್ಲ.

ನಿಯಮವನ್ನು ಅರಸುವವರು ನಮ್ಮ ನೆರೆಗೇ ಬರಬೇಕು. ನಿಂಬರ್ಗಾ ಇರುವ ಕಲಬುರಗಿ ಜಿಲ್ಲೆಯಲ್ಲೇ, ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡವಿದೆ. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಸುಮಾರು 850ರ ವೇಳೆಗೆ, ಶ್ರೀವಿಜಯನ 'ಕವಿರಾಜಮಾರ್ಗ' ರೂಪುಗೊಂಡಿತು. ಅದರ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದು ದೋಷಾದೋಷ ವಿಚಾರಕ್ಕೇ ಮೀಸಲು. ಶ್ರೀವಿಜಯ ದೋಷದ ಲಕ್ಷಣ ಹೇಳಿ ಸುಮ್ಮನಾಗುವುದಿಲ್ಲ. ದೋಷವುಳ್ಳ ಪದ್ಯವನ್ನು ಮುಂದಿಟ್ಟು, ಅದೇ ಅರ್ಥವನ್ನು ನಿರ್ದೋಷವಾಗಿ ಹೇಳುವ ಬಗೆಯನ್ನೂ ತೋರಿಸುತ್ತಾನೆ. ಉಪಲಬ್ಧವಿರುವ ಕನ್ನಡದ ಮೊದಲ ಗ್ರಂಥ ತಿದ್ದುವಿಕೆಯ ಪಾಠವನ್ನೂ ಒಳಗೊಂಡಿದೆ ಎಂಬುದು ಸಣ್ಣ ಸಂಗತಿಯಲ್ಲ.

ಅವನ ಇನ್ನೊಂದು ಮಾತು ಮತ್ತಷ್ಟು ಮುಖ್ಯ. ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನು ಕಾಣದು. ಹಾಗೆಯೇ ಕವಿ ತನ್ನ ದೋಷವನ್ನು ತಾನು ಕಾಣಲಾರ. ಆದುದರಿಂದ ಕಾವ್ಯವನ್ನು ಮೊದಲು ಬಲ್ಲವರಿಂದ ಓದಿಸಬೇಕು. ಇಲ್ಲಿ ತಿದ್ದುವಿಕೆ ಪ್ರತಿಭೆಯ ಕೊರತೆಯಲ್ಲ. ನೋಡುವ ಕಣ್ಣಿಗೆ ಸಹಜವಾದ ಮಿತಿಯ ಅರಿವು. ಕಾದಂಬರಿಕಾರನಿಗೆ ಇದು ಇನ್ನೂ ಹೆಚ್ಚು ಸಲ್ಲುತ್ತದೆ. ಪಾತ್ರದ ಮನಸ್ಸಿನಲ್ಲಿ ಏನಿದೆಯೆಂದು ಬರೆದವನಿಗೆ ಗೊತ್ತು. ಅದು ಪುಟದ ಮೇಲೆ ಬಂದಿದೆಯೇ ಎಂಬುದು ಓದುವವನಿಗಷ್ಟೇ ಗೊತ್ತು.

ಸಂಶೋಧಕರಿಗೂ ಇಲ್ಲೊಂದು ಎಚ್ಚರವಿದೆ. ಹಲಗೆಯ ಕರಡು ಒರೆಸಿದೊಡನೆ ಅಳಿಯಿತು; ಉಳಿದದ್ದು ಓಲೆಯ ಪ್ರತಿಗಳು ಮತ್ತು ಅವುಗಳ ಪಾಠಾಂತರಗಳು. ಪಾಠಾಂತರವೆಂದೊಡನೆ ಲಿಪಿಕಾರನ ಪ್ರಮಾದವೆಂದು ತಳ್ಳುವುದು ವಾಡಿಕೆ. ಕೆಲವೆಡೆ ಅದು ಕವಿಯ ಎರಡನೆಯ ಯೋಚನೆಯೂ ಆಗಿರಬಹುದೆಂಬ ಸಾಧ್ಯತೆಯನ್ನು ಸಂಪಾದಕ ಮೊದಲೇ ಮುಚ್ಚಿಬಿಡಬಾರದು. ಇಂದು ಗಣಕದ ಪರದೆಯೂ ಹಲಗೆಯೇ. ಒಂದು ಕೀಲಿ ಒತ್ತಿದರೆ ಹಳೆಯ ವಾಕ್ಯ ಗುರುತಿಲ್ಲದೆ ಹೋಗುತ್ತದೆ. ಬರೆಯುವ ವಿದ್ಯಾರ್ಥಿಗಳಿಗೆ ನನ್ನ ವಿನಂತಿ ಇಷ್ಟೇ: ನಾಚಿಕೆಯಿಲ್ಲದೆ ತಿದ್ದಿರಿ, ಬಲ್ಲವರಿಗೆ ಓದಿಸಿರಿ, ಕರಡುಗಳನ್ನು ಕಾಪಿಡಿರಿ.