ಊರು ಒಪ್ಪಿಕೊಂಡ ಕಟ್ಟಳೆ

ಸುರಪುರ ಸೀಮೆಯ ದೇವಾಪುರದಂಥ ಗ್ರಾಮಗಳಿಗೆ ಕಾನೂನೆಂಬುದು ಬಹುಕಾಲ ಮೇಲಿನಿಂದ ಇಳಿದು ಬಂದ ವಸ್ತುವೇ ಆಗಿದ್ದಿತು. ನಾಯಕ ಅರಸರ ಅಪ್ಪಣೆಯಾಗಲಿ, 1842ರಿಂದ 1853ರವರೆಗೆ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನ ಏರ್ಪಾಡಾಗಲಿ, 1858ರ ಬಂಡಾಯವಡಗಿದ ತರುವಾಯ ಪ್ರಾಂತವು ನಿಜಾಮನ ಕೈಸೇರಿದಾಗ ಫಸಲಿ ವರ್ಷದ ಲೆಕ್ಕದೊಡನೆ ಬಂದ ದಫ್ತರದ ಆಜ್ಞೆಗಳಾಗಲಿ, ನೇಗಿಲು ಹಿಡಿದವನ ಅಭಿಮತವನ್ನು ಕೇಳಿ ಹುಟ್ಟಿದವಲ್ಲ. ಆದುದರಿಂದ, ರೈತರು ಒಂದೆಡೆ ಕುಳಿತು, ತಾವು ಪಾಲಿಸತಕ್ಕ ನಿಯಮಗಳನ್ನು ತಾವೇ ಒಪ್ಪಿ, ಅವುಗಳಡಿಯಲ್ಲಿ ರುಜುವನ್ನೋ ಹೆಬ್ಬೆಟ್ಟನ್ನೋ ಒತ್ತಿದ ಸಹಕಾರ ಸಂಘದ ಬೈಲಾ ಈ ಭಾಗದ ಚರಿತ್ರೆಯಲ್ಲಿ ಒಂದು ನೂತನ ಶಾಸನವೆಂದೇ ನನ್ನ ಭಾವನೆ.

ಇದರ ಮೂಲವು ಸಾಲದಲ್ಲಿದೆ. 1875ರಲ್ಲಿ ಪುಣೆ, ಅಹಮದನಗರಗಳ ರೈತರು ಸಾವುಕಾರರ ಮೇಲೆ ದಂಗೆಯೆದ್ದು ಪತ್ರಗಳನ್ನು ಸುಟ್ಟರು. ಇಂಥ ಸಾಲಕ್ಕೆ ಪರಿಹಾರವನ್ನರಸಿ ಮದರಾಸಿನ ಫ್ರೆಡರಿಕ್ ನಿಕೊಲ್ಸನ್ ಜರ್ಮನಿಯ ರೈಫೈಸನ್ನನ ಗ್ರಾಮಸಂಘಗಳನ್ನು ಅಧ್ಯಯನಮಾಡಿ ವರದಿಗಳನ್ನು ಬರೆದನು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯಾಯಿತು. ಮರುವರ್ಷವೇ ಕೃಷ್ಣೆಯಾಚೆ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕನ್ನಡನಾಡಿನ ಮೊದಲ ಕೃಷಿ ಪತ್ತಿನ ಸಂಘವನ್ನು ಕಟ್ಟಿದರು. ಅದು ಮುಂಬಯಿ ಪ್ರಾಂತ. ನಿಜಾಮರ ಸೀಮೆಯಲ್ಲಿದ್ದ ದೇವಾಪುರದ ಕಡೆಗೆ ಅಂಥ ಕಾಯಿದೆ ಬರಲು 1914 ಆಗಬೇಕಾಯಿತು.

1904ರ ಆ ಮೊದಲ ಕಾಯಿದೆಯ ಪ್ರಕಾರ, ಹದಿನೆಂಟು ದಾಟಿದ ಹತ್ತು ಮಂದಿ ಕೂಡಿದರೆ ಸಂಘ. ಗ್ರಾಮಸಂಘದಲ್ಲಿ ಐದರಲ್ಲಿ ನಾಲ್ಕು ಪಾಲು ಸದಸ್ಯರು ಕೃಷಿಕರಾಗಿರಬೇಕು. ಸಾಮಾನ್ಯವಾಗಿ ಎಲ್ಲರೂ ಒಂದೇ ಊರಿನವರೋ ನೆರೆಯೂರುಗಳವರೋ ಆಗಿರಬೇಕು. ಇವೆಲ್ಲಕ್ಕಿಂತ ಗಂಭೀರವಾದುದು ಅಪರಿಮಿತ ಹೊಣೆಗಾರಿಕೆಯ ಕಲಮು. ಸಂಘವು ಮುಳುಗಿದರೆ ಸದಸ್ಯನು ತಾನು ಹಾಕಿದ ಹಣವನ್ನಷ್ಟೇ ಕಳೆದುಕೊಂಡು ಕೈತೊಳೆಯುವಂತಿಲ್ಲ. ಅವನ ಹೊಲ, ಮನೆ, ಎತ್ತುಗಳವರೆಗೂ ಋಣವು ಕೈಚಾಚಬಲ್ಲದು. ಬೀಜಕ್ಕೆಂದು ತೆಗೆದ ಸಾಲವು ಮಗಳ ಮದುವೆಗೆ ಹೋಯಿತೇ, ಬಾವಿಗೆಂದು ತೆಗೆದುದು ನ್ಯಾಯಾಲಯದ ವ್ಯಾಜ್ಯದಲ್ಲಿ ಕರಗಿತೇ ಎಂದು ಪರೀಕ್ಷಿಸುವುದಕ್ಕೆ ಪಟ್ಟಣದ ಅಧಿಕಾರಿಗಿಂತ ಪಕ್ಕದ ಹೊಲದವನೇ ಸಮರ್ಥನೆಂಬ ನಂಬಿಕೆಯ ಮೇಲೆ ಆ ಕಲಮು ನಿಂತಿದ್ದಿತು. ನೆರೆಯವನ ಋಜುತ್ವವನ್ನು ಆಧಾರವಾಗಿ ಹಿಡಿದು ಹಣ ಕೊಡುವ ಈ ಪದ್ಧತಿಯನ್ನು ನಾನು ಸಹಕಾರದ ಸಾರವೆಂದೇ ಎಣಿಸುತ್ತೇನೆ. ಆದರೂ ಊರಿನವರು ಪರಸ್ಪರರನ್ನು ಬಲ್ಲರೆಂಬ ಮಾತಿನಲ್ಲಿ ಒಂದು ಮೋಸವಿದೆಯೆಂಬುದನ್ನು ಮರೆಮಾಡಲಾರೆ. ಯಾರು ನಂಬಿಗಸ್ತನೆಂದು ತೀರ್ಮಾನಿಸುವ ಕಟ್ಟೆಯ ಮೇಲೆ ಕುಳಿತವರು ಹೊಲವುಳ್ಳವರು; ಕೂಲಿಯವನ ಪ್ರಾಮಾಣಿಕತೆಗೆ ಅಲ್ಲಿ ಬೆಲೆ ಕಟ್ಟುವವರು ವಿರಳ.

ಬೈಲಾವನ್ನು ರೈತರೇ ರಚಿಸಿದರೆಂಬುದೂ ಅರ್ಧಸತ್ಯವೇ. ನಿಬಂಧಕರ ಕಚೇರಿಯ ಮಾದರಿ ಪ್ರತಿಯಲ್ಲಿ ಊರಿನ ಹೆಸರು, ಕಾರ್ಯವ್ಯಾಪ್ತಿ, ಷೇರಿನ ಮೊತ್ತಗಳಿಗೆ ತೆರಪು ಬಿಟ್ಟಿರುತ್ತಿದ್ದರು. ಅದನ್ನು ತುಂಬಿ, ಓದಿ ಹೇಳಿ, ಠರಾವು ಮಾಡಿ ಕಳುಹಿಸುವುದೇ ರೂಢಿ. ಆದರೆ ಯಾರನ್ನು ಸೇರಿಸಿಕೊಳ್ಳಬೇಕು, ಒಬ್ಬನಿಗೆ ಎಷ್ಟರ ಮಿತಿಯವರೆಗೆ ಸಾಲ ಸಲ್ಲಬೇಕು ಎಂಬ ಚರ್ಚೆಯನ್ನು ಯಾವ ಮಾದರಿ ಪ್ರತಿಯೂ ಮುಗಿಸಿಕೊಡಲಾರದು.

1954ರಲ್ಲಿ ಹೊರಬಿದ್ದ ಗ್ರಾಮೀಣ ಸಾಲ ಸಮೀಕ್ಷೆಯ ವರದಿಯು, ಐವತ್ತು ವರ್ಷಗಳ ಯತ್ನದ ಮೇಲೂ ರೈತನ ಸಾಲದಲ್ಲಿ ಸಹಕಾರದ ಪಾಲು ನೂರಕ್ಕೆ ಸುಮಾರು ಮೂರೆಂದು ತೋರಿಸಿತು. ಆ ಆಘಾತದಿಂದ ಸಂಘಗಳು ಹಿರಿದಾದವು, ಸರ್ಕಾರವೂ ಪಾಲುದಾರನಾಯಿತು, ಹೊಣೆಗಾರಿಕೆಯು ಪರಿಮಿತವಾಯಿತು. 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದ ಸುರಪುರಕ್ಕೆ 1959ರ ಸಹಕಾರ ಸಂಘಗಳ ಕಾಯಿದೆಯು ಅನ್ವಯಿಸಿ, ಒಬ್ಬ ಸದಸ್ಯನಿಗೆ ಒಂದೇ ಮತವೆಂಬ ತತ್ತ್ವವು ಷೇರುಗಳ ಸಂಖ್ಯೆಗೆ ತಲೆಬಾಗದೆ ಉಳಿಯಿತು.

1982ರಲ್ಲಿ ನಾರಾಯಣಪುರದ ಬಸವಸಾಗರವು ಪೂರ್ಣಗೊಂಡು, ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರಗಳ ಹೊಲಗಳಿಗೆ ಹರಿಯಿತು. ಜೋಳ, ತೊಗರಿಗಳ ನೆಲದಲ್ಲಿ ಭತ್ತವು ಕಾಲಿಟ್ಟು, ಗೊಬ್ಬರಕ್ಕೂ ನಾಟಿಗೂ ಬೇಕಾದ ಸಾಲವು ಬೆಳೆಯಿತು. ಇಂದು ಸಂಘಕ್ಕೆ ಬಂದ ರೈತನನ್ನು ಮೊದಲು ಕೇಳುವುದು ಪಹಣಿಯನ್ನು. ಸಾಲ ಮಂಜೂರಾದೊಡನೆ ಅದರಲ್ಲಿ ಬೋಜಾ ಏರುತ್ತದೆ; ಪಕ್ಕದ ಹೊಲದವನ ಅಭಿಪ್ರಾಯವನ್ನು ಯಾರೂ ವಿಚಾರಿಸುವುದಿಲ್ಲ.