ಪಾಯಿಂಟ್ ಅಂಡ್ ಕ್ಲಿಕ್ ಸಾಹಸಕ್ರೀಡೆ
ಗಣಕಯಂತ್ರದ ಪರದೆಯ ಮೇಲೆ ಚಿತ್ರಿತವಾದ ದೃಶ್ಯದಲ್ಲಿ ಮೌಸಿನ ಬಾಣವನ್ನು ಒಂದು ವಸ್ತುವಿನ ಮೇಲೊಯ್ದು ಗುಂಡಿಯನ್ನೊತ್ತುವುದರಿಂದಲೇ ನಾಯಕನನ್ನು ನಡೆಸಿ, ಮಾತನಾಡಿಸಿ, ಕಥೆಯನ್ನು ಮುಂದುವರಿಸುವ ಆಟ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಕಡೆಯವರು ಬಲ್ಲ ಚೌಕಾಬಾರದಲ್ಲಿ ಕವಡೆಯ ಅದೃಷ್ಟವೂ ಆಡುಹುಲಿಯಲ್ಲಿ ಎದುರಾಳಿಯ ಚಾತುರ್ಯವೂ ಫಲವನ್ನು ನಿರ್ಣಯಿಸಿದರೆ, ಇಲ್ಲಿ ಅವೆರಡೂ ಇಲ್ಲದೆ, ಕರ್ತೃವು ಹೂಡಿದ ಒಗಟನ್ನು ಏಕಾಂತದಲ್ಲಿ ಬಿಡಿಸುವುದೇ ಆಟವಾಗಿರುವುದು.

ಆಡುವವನು ದೃಶ್ಯದ ಮೂಲೆಮೂಲೆಯನ್ನೂ ಪರೀಕ್ಷಿಸಿ, ದೊರೆತುದನ್ನು ಚೀಲಕ್ಕೆ ಸೇರಿಸಿ, ಎದುರಾದವರನ್ನೆಲ್ಲ ಪ್ರಶ್ನಿಸಿ, ಬಳಿಕ ಒಂದು ವಸ್ತುವನ್ನು ಮತ್ತೊಂದರೊಡನೆ ಕೂಡಿಸಿ ನೋಡತಕ್ಕದ್ದು; ದಾರಿ ಕಟ್ಟಿದಾಗ ಹಿಂದಿನ ದೃಶ್ಯಗಳಿಗೆ ಮರಳುವುದು ಉಚಿತ.

ಲ್ಯೂಕಾಸ್‌ಫಿಲ್ಮ್ ಗೇಮ್ಸ್ ಸಂಸ್ಥೆಯ ‘ಮೇನಿಯಾಕ್ ಮ್ಯಾನ್ಷನ್’ (1987) ಆಟದಲ್ಲಿ ತೆರೆ, ಎತ್ತಿಕೊ, ಕೊಡು ಮೊದಲಾದ ಕ್ರಿಯಾಪದಗಳು ಪರದೆಯಲ್ಲಿಯೇ ಕಾಣಿಸಿಕೊಂಡು, ಆಜ್ಞೆಗಳನ್ನು ಟೈಪು ಮಾಡುವ ತೊಡಕು ತಪ್ಪಿತು. ರಾನ್ ಗಿಲ್ಬರ್ಟನ ನೇತೃತ್ವದಲ್ಲಿ 1990ರಲ್ಲಿ ಹೊರಬಂದ ‘ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್’ ಈ ಪ್ರಕಾರದ ಶ್ರೇಷ್ಠ ಕೃತಿಯೆನ್ನಲು ಸಂಕೋಚಪಡಬೇಕಾದುದಿಲ್ಲ. ಅಲ್ಲಿ ಖಡ್ಗಯುದ್ಧವನ್ನು ಗೆಲ್ಲಿಸುವುದು ತೋಳ್ಬಲವಲ್ಲ, ಹೀಯಾಳಿಕೆಗೆ ತಕ್ಕ ಮರುಮಾತು. ಸೋಲುಸೋಲಿನಲ್ಲಿಯೂ ಎದುರಾಳಿಗಳ ನುಡಿಗಳನ್ನೇ ಕಲಿತು, ಕಡೆಗೆ ಕತ್ತಿವರಸೆಯ ನಿಪುಣೆಯೆದುರು ಅವೇ ಉತ್ತರಗಳನ್ನು ಹೊಚ್ಚ ಹೊಸ ಹೀಯಾಳಿಕೆಗಳಿಗೆ ಹೊಂದಿಸಬೇಕಾಗುವುದು. ಹರದೇಶಿ–ನಾಗೇಶಿ ಹಾಡುಗಾರರ ಸವಾಲು-ಜವಾಬು ಕೇಳಿ ಬೆಳೆದ ಕಿವಿಗೆ ಈ ರಸವು ಅಪರಿಚಿತವಲ್ಲ.

1993ರ ‘ಮಿಸ್ಟ್’ ಕ್ರಿಯಾಪದಗಳನ್ನೂ ಕೈಬಿಟ್ಟು, ನಿರ್ಜನ ದ್ವೀಪದ ಯಂತ್ರಗಳ ಮೌನದಲ್ಲಿಯೇ ಒಗಟನ್ನಿಟ್ಟಿತು. 2001ರಲ್ಲಿ ಆರಂಭವಾದ ‘ಸ್ಕಮ್‌ವಿಎಂ’ ಎಂಬ ಉಚಿತ ತಂತ್ರಾಂಶದ ನೆರವಿನಿಂದ ಇಂಥ ಅನೇಕ ಹಳೆಯ ಆಟಗಳನ್ನು ಇಂದಿನ ಗಣಕಗಳಲ್ಲಿಯೂ ಆಡಬಹುದು.