ಗೆದ್ದ ಮೇಲೆ ಮುರಿದ ಮೈತ್ರಿ

ಬಳ್ಳಾರಿ ಸೀಮೆಗೆ ಹಿಂದೆ ‘ದತ್ತ ಮಂಡಲ’ವೆಂಬ ಹೆಸರಿತ್ತು. ದತ್ತ ಎಂದರೆ ಕೊಟ್ಟದ್ದು. ಕೊಟ್ಟವರು ಯಾರು? ಯಾರಿಗೆ, ಯಾತಕ್ಕೆ ಕೊಟ್ಟರು?

1790ರಲ್ಲಿ ಟಿಪ್ಪು ಸುಲ್ತಾನನ ವಿರುದ್ಧ ಈಸ್ಟ್ ಇಂಡಿಯಾ ಕಂಪನಿ, ಮರಾಠರು ಹಾಗೂ ಹೈದರಾಬಾದಿನ ನಿಜಾಮ ಒಂದಾದರು. ಗೆದ್ದ ನೆಲವನ್ನು ಸಮನಾಗಿ ಹಂಚಿಕೊಳ್ಳುವುದೆಂದು ಕರಾರಾಯಿತು. 1792ರ ಶ್ರೀರಂಗಪಟ್ಟಣ ಒಪ್ಪಂದದಂತೆ ಟಿಪ್ಪು ಸುಮಾರು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, 3.30 ಕೋಟಿ ರೂಪಾಯಿ ದಂಡಕ್ಕೂ ಒಪ್ಪಬೇಕಾಯಿತು. ಕರಿಮೆಣಸಿನ ನಾಡಾದ ಮಲಬಾರ್ ಕಂಪನಿಯ ಪಾಲಿಗೆ ಬಂತು.

ಶತ್ರು ಬಗ್ಗಿದೊಡನೆ ಸ್ನೇಹವೂ ಸಡಿಲವಾಯಿತು. ಚೌತ್ ಬಾಕಿಯ ಜಗಳದಲ್ಲಿ 1795ರಲ್ಲಿ ಮರಾಠರು ಖರ್ಡಾ ಎಂಬಲ್ಲಿ ನಿಜಾಮನನ್ನು ಸೋಲಿಸಿದರು. ಕಂಪನಿ ತಟಸ್ಥವಾಗಿ ಉಳಿಯಿತು. ಕಂಗಾಲಾದ ನಿಜಾಮ 1798ರಲ್ಲಿ ಕಂಪನಿಯ ಸೈನ್ಯವನ್ನೇ ತನ್ನ ಕಾವಲಿಗೆ ಇಟ್ಟುಕೊಂಡ. 1799ರಲ್ಲಿ ಟಿಪ್ಪು ಮಡಿದಾಗ ಅವನಿಗೆ ಇನ್ನಷ್ಟು ನೆಲ ಸಿಕ್ಕಿತು. ಆದರೆ ಮರುವರ್ಷವೇ ಆ ಸೈನ್ಯದ ಖರ್ಚಿಗೆಂದು, ಎರಡು ಯುದ್ಧಗಳಲ್ಲಿ ಗಳಿಸಿದ್ದರಲ್ಲಿ ಹೆಚ್ಚಿನದನ್ನು ಕಂಪನಿಗೆ ಒಪ್ಪಿಸಿದ. ಬಳ್ಳಾರಿ, ಅನಂತಪುರ, ಕಡಪ ‘ದತ್ತ’ವಾದದ್ದು ಹೀಗೆ.

ಮರಾಠರ ಸರದಿಯೂ ತಡವಾಗಲಿಲ್ಲ. 1802ರಲ್ಲಿ ಪೇಶ್ವೆ ವಸಯಿ ಒಪ್ಪಂದಕ್ಕೆ ಸಹಿ ಹಾಕಿ ಕಂಪನಿಯ ಆಶ್ರಯ ಪಡೆದ. ಅದನ್ನು ಒಪ್ಪದ ಸಿಂಧಿಯಾ 1803ರಲ್ಲಿ ಅಸಾಯೆಯಲ್ಲಿ ಕಂಪನಿಯ ಎದುರು ಸೋತ. 1818ರಲ್ಲಿ ಪೇಶ್ವೆಯ ಆಳ್ವಿಕೆಯೇ ಕೊನೆಗೊಂಡಿತು.

ಟಿಪ್ಪು ಬಲವಾಗಿದ್ದಷ್ಟು ದಿನ ಕಂಪನಿಗೆ ನಿಜಾಮನೂ ಬೇಕಿತ್ತು, ಮರಾಠರೂ ಬೇಕಿತ್ತು. ಅವನನ್ನು ಕೆಡವಲು ಕೈಜೋಡಿಸಿದ ಇಬ್ಬರೂ ತಮ್ಮ ಬೆಲೆಯನ್ನು ತಾವೇ ಇಳಿಸಿಕೊಂಡಿದ್ದರು.